ಶೇರವಾನಿ, 1 ನಗ

ಹೊಳೆ ಬಂದದ್ದಕ್ಕೆ ಯಾರೂ ನನ್ನ ಬಳಿ ಲೆಕ್ಕ ಕೇಳಲಿಲ್ಲ. ಹೊಳೆಯ ಬೆನ್ನಿಗೆ ಬಂದ ಲಾರಿಗಳಿಗೆ ಮಾತ್ರ ಐದು ತಿಂಗಳು ಲೆಕ್ಕ ಕೊಟ್ಟೆ.

ನಮ್ಮದು ಮಲಪ್ರಭೆಯ ದಂಡೆ. ಹೊಳೆದಂಡೆ ಎಂದ ಕೂಡಲೇ ಬೇರೆಯವರ ಕಣ್ಣಿಗೆ ನೀರು ಕಾಣಿಸುತ್ತದೆ, ನಮ್ಮ ಕಣ್ಣಿಗೆ ಜಾಲಿಕಂಟಿ. ಕಳಸಾ-ಬಂಡೂರಿ ನೀರಿಗಾಗಿ ನರಗುಂದದಲ್ಲಿ ರೈತರು 2015ರಿಂದ ಧರಣಿ ಕೂತಿದ್ದರು. ದಿಲ್ಲಿಗೆ ಕೇಳಿಸಲಿಲ್ಲ, ಬೆಂಗಳೂರಿಗೆ ಕೇಳಿಸಲಿಲ್ಲ. 2019ರ ಆಗಸ್ಟ್‌ನಲ್ಲಿ ಮಳೆಗೆ ಕೇಳಿಸಿತು. ನವಿಲುತೀರ್ಥದ ಅಣೆಕಟ್ಟೆಯ ಬಾಗಿಲು ತೆರೆದವು. ಅರ್ಜಿಯಲ್ಲಿ ವಿಳಾಸ ಸರಿಯಾಗಿ ಬರೆದಿರಲಿಲ್ಲವೋ ಏನೋ, ಕಾಲುವೆಗೆ ಬರಬೇಕಾದ ನೀರು ಅಡುಗೆಮನೆಗೆ ಬಂತು. ರಾಮದುರ್ಗದ ಪೇಟೆಗೆ ಹೋಯಿತು, ಪಟ್ಟದಕಲ್ಲಿನ ಗುಡಿಗಳನ್ನು ಸುತ್ತಿಕೊಂಡಿತು, ನಮ್ಮೂರ ಕೆಳಗಿನ ಓಣಿಯಲ್ಲಿ ಎತ್ತಿನ ಕೊಂಬು ಮಾತ್ರ ಕಾಣುವಷ್ಟು ನಿಂತಿತು.

ಬೆಂಗಳೂರಿನಲ್ಲಿ ಆಗ ಸಚಿವ ಸಂಪುಟ ಎಂದರೆ ಮುಖ್ಯಮಂತ್ರಿ ಒಬ್ಬರೇ. ಜುಲೈ 26ಕ್ಕೆ ಪ್ರಮಾಣ ವಚನ ತೆಗೆದುಕೊಂಡ ಯಡಿಯೂರಪ್ಪನವರಿಗೆ ಆಗಸ್ಟ್ 20ರವರೆಗೂ ಎರಡನೆಯ ಮಂತ್ರಿ ಸಿಕ್ಕಿರಲಿಲ್ಲ. ಸಂಪುಟದಲ್ಲಿ ಭಿನ್ನಮತ ಇರಲಿಲ್ಲ ಎಂಬುದಷ್ಟೇ ಆ ತಿಂಗಳ ಸಮಾಧಾನ.

ನಮ್ಮ ಶಾಲೆ ಗಂಜಿ ಕೇಂದ್ರವಾಯಿತು. ಆಮೇಲೆ ಯಾರಿಗೋ ಗಂಜಿ ಎಂದರೆ ಮರ್ಯಾದೆಗೆ ಕಡಿಮೆ ಅನ್ನಿಸಿ ಈಗೀಗ ಕಾಳಜಿ ಕೇಂದ್ರ ಎನ್ನುತ್ತಾರೆ. ಹೆಸರು ದಪ್ಪಗಾಗಿದೆ, ಸಾರು ಹಾಗೇ ಇದೆ. ನಾನು ಅಲ್ಲಿಯ ಹೆಡ್‌ಮಾಸ್ತರ. ತಹಶೀಲ್ದಾರ ಸಾಹೇಬರು ಮಂಡಿಯವರೆಗೆ ಪ್ಯಾಂಟು ಮಡಚಿಕೊಂಡು ಬಂದು, "ಮಾಸ್ತರ, ದಾಸ್ತಾನು ನೀವ ನೋಡ್ಕೋರಿ, ನೀವು ಪ್ರಾಮಾಣಿಕರು" ಅಂದರು. ಸರ್ಕಾರಿ ಭಾಷೆಯಲ್ಲಿ ಪ್ರಾಮಾಣಿಕ ಎಂದರೆ ನಾಳೆ ಲೆಕ್ಕ ತಪ್ಪಿದರೆ ಕೈಗೆ ಸಿಗುವವನು ಎಂದರ್ಥ. ಜನಗಣತಿ ಮಾಡಿದ್ದೆ, ದನಗಣತಿ ಮಾಡಿದ್ದೆ, ಮತ ಎಣಿಸಿದ್ದೆ, ಬಿಸಿಯೂಟದ ಬೇಳೆ ತೂಗಿದ್ದೆ. ಅಪರಿಚಿತರ ಹಳೇ ಲಂಗ ಎಣಿಸುವುದೊಂದು ಬಾಕಿ ಇತ್ತು.

ಮೊದಲ ಮೂರು ದಿನ ಲಾರಿ ಬರಲಿಲ್ಲ, ರಸ್ತೆಯೇ ಇರಲಿಲ್ಲ. ಆ ಮೂರು ದಿನ ನಾವು ಬದುಕಿದ್ದು ಮಡ್ಡಿಯ ಮೇಲಿನ ಊರಿನವರ ರೊಟ್ಟಿಯಿಂದ. ಅಲ್ಲಿಯ ಹೆಣ್ಣುಮಕ್ಕಳು ರಾತ್ರಿಯೆಲ್ಲ ರೊಟ್ಟಿ ಬಡಿದು, ಬೆಳಗಾಗುವಷ್ಟರಲ್ಲಿ ಗಂಡಸರ ತಲೆಯ ಮೇಲೆ ಬುಟ್ಟಿ ಇಟ್ಟು ಕಳಿಸುತ್ತಿದ್ದರು. ಜೋಳದ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಫ್ರಿಜ್ ಬೇಡ, ಒಲೆ ಬೇಡ, ಹದಿನೈದು ದಿನ ಕೆಡುವುದಿಲ್ಲ. ಪ್ರವಾಹಕ್ಕೆಂದೇ ಯಾರೋ ಕಂಡುಹಿಡಿದಂಥ ಅಡುಗೆ. ಆದರೆ ನನ್ನ ವಹಿಯಲ್ಲಿ ಆ ಮೂರು ದಿನದ ಪುಟ ಖಾಲಿ. ರೊಟ್ಟಿ ತಂದವರು ರಸೀದಿ ಕೇಳಲಿಲ್ಲ, ಬುಟ್ಟಿ ಮಾತ್ರ ವಾಪಸು ಕೇಳಿದರು.

ನಾಲ್ಕನೆಯ ದಿನ ರಸ್ತೆ ತೆರೆಯಿತು. ಮೊದಲ ಲಾರಿ ಬಂತು. ಅದರಿಂದ ಮೊದಲು ಇಳಿದದ್ದು ಬ್ಯಾನರ್.

ಬ್ಯಾನರಿನಲ್ಲಿ ಹನ್ನೆರಡು ಮುಖಗಳಿದ್ದವು. ಎಲ್ಲರೂ ಕೈಮುಗಿದು ನಗುತ್ತಿದ್ದರು, ನಮ್ಮ ಮನೆ ಬಿದ್ದದ್ದು ಅವರಿಗೆ ಹಿಂದಿನ ದಿನವೇ ಗೊತ್ತಾಗಿ ಫೋಟೊ ಹೊಡೆಸಿಕೊಂಡವರಂತೆ. ಅದನ್ನು ಎಲ್ಲಿ ಕಟ್ಟಬೇಕೆಂದು ಅರ್ಧ ತಾಸು ಚರ್ಚೆಯಾಯಿತು. ಗೇಟಿಗೆ ಕಟ್ಟಿದರೆ ಶಾಲೆಯ ಹೆಸರು ಮುಚ್ಚುತ್ತದೆ, ಶಾಲೆಯ ಹೆಸರು ಬಿಟ್ಟು ಕಟ್ಟಿದರೆ ನಾಲ್ಕು ಮುಖ ಮಡಚುತ್ತವೆ. ಕೊನೆಗೆ ಶಾಲೆಯ ಹೆಸರೇ ಮುಚ್ಚಿತು. ಬ್ಯಾನರಿನ ಹಿಂದಿನಿಂದ ನೀರಿನ ಬಾಟಲಿಗಳು ಬಂದವು. ನೀರಲ್ಲಿ ಮುಳುಗಿದವರಿಗೆ ನಾನೂರು ಚಿಲ್ಲರೆ ಕಿಲೋಮೀಟರ್ ದೂರದಿಂದ ನೀರು! ತಪ್ಪಲ್ಲ ಬಿಡಿ, ನಮ್ಮ ಬೋರ್‌ವೆಲ್‌ಗೆ ರಾಡಿ ಹೊಕ್ಕಿತ್ತು, ಕುಡಿಯಲು ಬೇಕಿತ್ತು. ಆದರೆ ಎರಡನೆಯ ಲಾರಿಯಲ್ಲೂ ನೀರು, ಮೂರನೆಯದರಲ್ಲೂ ನೀರು. ನಾಲ್ಕನೆಯ ಲಾರಿಯವರಿಗೆ ಕೈಮುಗಿದು, "ನೀರು ಸಾಕ್ರಿ, ದನಕ್ಕ ಮೇವು ಐತೇನ್ರಿ?" ಅಂದೆ. ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಭಿಕ್ಷುಕ ಮೆನು ಕಾರ್ಡ್ ಕೇಳಿದಂತಿತ್ತು.

ಆಮೇಲೆ ಬಟ್ಟೆ ಶುರುವಾಯಿತು.

ಏಳನೇ ತರಗತಿಯ ಕೋಣೆಯ ಬಾಗಿಲು ತೆಗೆದರೆ ಬಟ್ಟೆ ಹೊರಗೆ ಬೀಳುತ್ತಿತ್ತು, ಮುಚ್ಚಲು ಇಬ್ಬರು ಬೇಕಾಗುತ್ತಿತ್ತು. ಹುಬ್ಬಳ್ಳಿ, ಮೈಸೂರು, ಬೆಂಗಳೂರುಗಳ ಕಪಾಟುಗಳು ಒಟ್ಟಿಗೇ ವಾಂತಿ ಮಾಡಿಕೊಂಡಂತೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವ ಕೆಲಸ ಆ ವರ್ಷ ಆಗಸ್ಟ್‌ನಲ್ಲೇ ಮುಗಿಯಿತು ನೋಡಿ. ಅದರಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯ ಟೈ, ಒಂಟಿ ಬೂಟು, ಈಜುಡುಗೆ, ಹೊಳೆಯುವ ಚಮಕಿಯ ಘಾಗ್ರಾ ಇದ್ದವು. ಕುಪ್ಪಸಗಳಿಗೆ ಹುಕ್ ಇರಲಿಲ್ಲ, ಅಂಗಿಗಳಿಗೆ ಗುಂಡಿ ಇರಲಿಲ್ಲ. ಉದುರಿದ್ದಲ್ಲ, ಬ್ಲೇಡಿನಲ್ಲಿ ನೀಟಾಗಿ ಬಿಡಿಸಿಕೊಂಡದ್ದು. ಗುಂಡಿ ಇಟ್ಟುಕೊಂಡು ಅಂಗಿ ದಾನ ಮಾಡಿದ ಕರ್ಣರನ್ನು ನಾನು ಕಣ್ಣಾರೆ ಕಂಡಿಲ್ಲ, ಕೈಯಾರೆ ಮುಟ್ಟಿದ್ದೇನೆ.

ಅದೇ ರಾಶಿಯಲ್ಲಿ ಸಿಕ್ಕಿತು ಶೇರವಾನಿ. ನೇರಳೆ ಬಣ್ಣ, ಕೊರಳಿಗೆ ಜರಿ, ಎದೆಗೆ ಬಂಗಾರದ ಬಣ್ಣದ ಗುಂಡಿ, ಒಂದೂ ಕಿತ್ತಿರಲಿಲ್ಲ. ಜೇಬಿನಲ್ಲಿ ಒಣಗಿದ ಅಡಿಕೆ ಹೋಳು. ವಹಿಯಲ್ಲಿ ಬರೆದೆ: "ಶೇರವಾನಿ, 1 ನಗ." ಮುಂದಿನ ಕಾಲಂ "ವಿತರಣೆ". ಅಲ್ಲಿ ಪೆನ್ನು ನಿಂತಿತು.

ಬಡಿಗ್ಯಾರ ಆಯಿಯನ್ನು ವಿಂಗಡಣೆಗೆ ಕೂರಿಸಿಕೊಂಡಿದ್ದೆ. ಎಪ್ಪತ್ತು ದಾಟಿದ ಜೀವ, ಹುಟ್ಟಿದಂದಿನಿಂದ ಇಳಕಲ್ ಸೀರೆ ಮತ್ತು ಖಣದ ಕುಪ್ಪಸ ಬಿಟ್ಟು ಬೇರೇನೂ ಮೈಗೆ ಹಾಕಿದವಳಲ್ಲ. ಆಕೆ ಒಂದು ಜೀನ್ಸ್ ಎತ್ತಿ ಹಿಡಿದು, ಒಳಗೆ ಕೈ ಹಾಕಿ ನೋಡಿ, ಜಗ್ಗಿ ನೋಡಿ, ಹೇಳಿದಳು:

"ಸರ, ಬಾಳ ಗಟ್ಟಿ ಅರಬಿ. ಕಾಲು ಕತ್ತರಸಿ ಹೊಲದ್ರ ಎರಡ ಚೀಲ ಆಕ್ಕಾವು. ಒಂದರಾಗ ಹೆಸರು, ಒಂದರಾಗ ಶೇಂಗಾ."

"ಇದನ್ನೇನ್ ಮಾಡೂದು, ಆಯಿ?" ಶೇರವಾನಿ ತೋರಿಸಿದೆ.

ಆಯಿ ಬಹಳ ಹೊತ್ತು ನೋಡಿದಳು. "ಮದುಮಗ ಎಲ್ಲಿ ಅದಾನ್ರಿ?"

ಇದು ನಮ್ಮೊಬ್ಬರ ಕಥೆಯೇನಲ್ಲ. 2001ರಲ್ಲಿ ಭುಜ್ ನಡುಗಿದಾಗ ಕಚ್ಛದ ರಸ್ತೆಬದಿಯಲ್ಲಿ, 2004ರ ಸುನಾಮಿಯ ನಂತರ ನಾಗಪಟ್ಟಣದಲ್ಲಿ, ಹಳೇ ಬಟ್ಟೆಯ ರಾಶಿಗಳು ಬಿದ್ದು ಮಳೆಗೆ ಕೊಳೆತವು. ಹಳೇ ಬಟ್ಟೆಯಿಂದ ಉಪಯೋಗವೇ ಇಲ್ಲವೆಂದಲ್ಲ. ಗೂಂಜ್ ಸಂಸ್ಥೆಯವರು ಅದನ್ನು ಒಗೆದು, ವಿಂಗಡಿಸಿ, ಹೊಲಿದು, ಊರವರು ಊರಿಗಾಗಿ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಕೊಡುತ್ತಾರೆ. ಉಳಿದ ಹತ್ತಿ ಚಿಂದಿಯಿಂದ ಮುಟ್ಟಿನ ಬಟ್ಟೆ ಮಾಡುತ್ತಾರೆ. ಅದನ್ನು ಕಟ್ಟಿದ ಅಂಶು ಗುಪ್ತಾ ಅವರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಂದರೆ ಹಳೇ ಬಟ್ಟೆಯನ್ನು ಮರ್ಯಾದೆಯಿಂದ ಇನ್ನೊಬ್ಬರಿಗೆ ಮುಟ್ಟಿಸುವುದು ಮ್ಯಾಗ್ಸೆಸೆ ಕೊಡುವಷ್ಟು ಕಷ್ಟದ ಕೆಲಸ. ನಮ್ಮ ದಾನಿಗಳು ಆ ಕೆಲಸವನ್ನು ನನಗೂ ಬಡಿಗ್ಯಾರ ಆಯಿಗೂ ವಹಿಸಿ, ಊಟಕ್ಕೆ ಮುಂಚೆ ಹುಬ್ಬಳ್ಳಿ ಮುಟ್ಟಬೇಕೆಂದು ಹೊರಟುಹೋಗಿದ್ದರು.

ಎಲ್ಲರೂ ಹಾಗೆ ಇಳಿಸಿ ಹೋಗುತ್ತಿದ್ದರೆ ಪುಣ್ಯವಿತ್ತು. ದೊಡ್ಡ ತೊಂದರೆ ಇದ್ದದ್ದು ಇಳಿಸದವರಿಂದ. ಬೆಂಗಳೂರಿನಿಂದ ಮೂರು ಕಾರು, ಒಂದು ಟೆಂಪೊದಲ್ಲಿ ಬಂದ ತಂಡದ ಮುಖಂಡರು ಕಪ್ಪು ಕನ್ನಡಕ ತೆಗೆಯದೇ ನನಗೆ ಹೇಳಿದರು:

"ಸರ್, ತಪ್ಪು ತಿಳ್ಕೋಬೇಡಿ. ನಾವು ಸ್ಟೋರ್‌ಗೆಲ್ಲ ಕೊಡಲ್ಲ. ನೇರವಾಗಿ ಸಂತ್ರಸ್ತರ ಕೈಗೇ ಕೊಡ್ತೀವಿ. ನಡುವೆ ತಿನ್ನೋರು ಜಾಸ್ತಿ."

ನಡುವೆ ನಿಂತವನು ನಾನೊಬ್ಬನೇ. ಬೆಳಗ್ಗಿನಿಂದ ತಿಂದದ್ದು ಎರಡು ಗ್ಲೂಕೋಸ್ ಬಿಸ್ಕತ್ತು.

"ಆತ್ರಿ, ಇಲ್ಲೇ ಅದಾರ, ಕೊಡ್ರಿ" ಅಂದೆ. ಅವರು ಅಂಗಳದಲ್ಲಿ ಕೂತಿದ್ದ ಹೆಂಗಸರನ್ನು ಒಂದು ಸುತ್ತು ನೋಡಿ, ತುಸು ನಿರಾಶರಾಗಿ, ದನಿ ಇಳಿಸಿ ಕೇಳಿದರು: "ಅಲ್ಲ ಸರ್, ಒರಿಜಿನಲ್ ಸಂತ್ರಸ್ತರು ಎಲ್ಲಿದ್ದಾರೆ?"

ತಪ್ಪು ನಮ್ಮದೇ. ಅಂದು ಬೆಳಗ್ಗೆ ಯಾರೋ ಕೊಟ್ಟ ಕೊಬ್ಬರಿ ಎಣ್ಣೆ ಹಚ್ಚಿ ಎಲ್ಲರೂ ತಲೆ ಬಾಚಿಕೊಂಡಿದ್ದರು. ತಲೆ ಬಾಚಿಕೊಂಡ ಸಂತ್ರಸ್ತೆ ಕ್ಯಾಮೆರಾಕ್ಕೆ ಬರುವುದಿಲ್ಲ.

ಫೋಟೊದ ಶಾಸ್ತ್ರವನ್ನು ನಾನು ಆ ಹದಿನೈದು ದಿನದಲ್ಲಿ ಸಾಂಗವಾಗಿ ಕಲಿತೆ. ಒಂದು ಬೆಡ್‌ಶೀಟನ್ನು ಕೊಡಲು ಕನಿಷ್ಠ ಐದು ಜನ ಬೇಕು. ಎಲ್ಲರ ಕೈಯೂ ಬೆಡ್‌ಶೀಟಿಗೆ ತಾಗಿರಬೇಕು, ಎಲ್ಲರ ಮುಖವೂ ಕ್ಯಾಮೆರಾ ಕಡೆಗಿರಬೇಕು, ಪಡೆಯುವವಳ ಮುಖ ಮಾತ್ರ ಬೆಡ್‌ಶೀಟ್ ಕಡೆಗಿರಬೇಕು. "ಅಜ್ಜೀ, ಎರಡೂ ಕೈ ಚಾಚಿ. ಇನ್ನೂ ಸ್ವಲ್ಪ ಮುಂದೆ. ಹಾಂ, ಹಾಗೇ ಇರಿ." ಬಡಿಗ್ಯಾರ ಆಯಿ ಒಂದೇ ದಿನ ಏಳು ಸಲ ಕೈ ಚಾಚಿದಳು. ಅದರಲ್ಲಿ ಎರಡು ಸಲ ಬೆಡ್‌ಶೀಟ್ ಅದೇ ಇತ್ತು, ತಂಡ ಬೇರೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಸಾಲಿನಲ್ಲಿ ನಿಂತು ನನ್ನ ಕಡೆ ತಿರುಗಿ ಕೇಳಿದ: "ಸರ, ಇವರಿಗೆ ನಗಬೇಕೋ, ಅಳಬೇಕೋ?" ಪಾಠದಲ್ಲಿ ಎಂದೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳದ ಹುಡುಗ.

ಇಷ್ಟಕ್ಕೂ ನಾವು ದೂರುವಂತಿಲ್ಲ. ಹಿಂದಿನ ವರ್ಷ, 2018ರ ಆಗಸ್ಟ್‌ನಲ್ಲಿ, ಹಾಸನ ಜಿಲ್ಲೆಯ ರಾಮನಾಥಪುರದ ಕೇಂದ್ರದಲ್ಲಿ ಸಚಿವರೊಬ್ಬರು ಬಿಸ್ಕತ್ತಿನ ಪೊಟ್ಟಣಗಳನ್ನು ಜನರ ಕಡೆಗೆ ಎಸೆಯುತ್ತಿದ್ದುದನ್ನು ಇಡೀ ನಾಡು ನೋಡಿತ್ತು. ಅದಕ್ಕೆ ಹೋಲಿಸಿದರೆ ನಮ್ಮ ದಾನಿಗಳು ಕೈಗೇ ಕೊಟ್ಟರು, ಎರಡೆರಡು ಸಲ.

ಕೈಯಾರೆ ಕೊಡುವವರ ಇನ್ನೊಂದು ಮಹಿಮೆ ಹೇಳಬೇಕು. ಕಾರು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಅವರ ಕರುಣೆ ಹೋಗುತ್ತದೆ. ಕಾರು ಹೋಗುವುದು ಡಾಂಬರು ರಸ್ತೆಯವರೆಗೆ. ಡಾಂಬರು ರಸ್ತೆ ಇರುವುದು ಎತ್ತರದಲ್ಲಿ. ಎತ್ತರದಲ್ಲಿದ್ದ ಮನೆಗಳಿಗೆ ನೀರು ಬಂದಿರಲೇ ಇಲ್ಲ. ಹೀಗಾಗಿ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಮನೆಯಲ್ಲಿ, ಹನಿ ನೀರೂ ನುಗ್ಗದ ಮನೆಯಲ್ಲಿ, ಹನ್ನೊಂದು ಬಕೆಟ್ ಸೇರಿಕೊಂಡವು. ಕೆಳಗಿನ ಓಣಿಗೆ, ಅದರಾಚೆಯ ಕೇರಿಗೆ, ರಾಡಿ ತುಳಿದು ಹೋಗಬೇಕಿತ್ತು. ತಗ್ಗಿನ ಮನೆ ಯಾವುದೆಂದು ಹೊಳೆಗೆ ಗೊತ್ತಿತ್ತು, ಲಾರಿಗೆ ಗೊತ್ತಿರಲಿಲ್ಲ. ನಾವು ಮನೆಗೊಂದು ಚೀಟಿ ಮಾಡಿದೆವು. ಚೀಟಿ ಇದ್ದವರಿಗಷ್ಟೇ ಸಾಮಾನು ಎಂದು ಡಂಗುರ ಹೊಡೆಸಿದೆವು. ಮೊದಲ ದಿನವೇ ಊರ ಹಿರಿಯರೊಬ್ಬರು ಬಂದು, "ಮಾಸ್ತರ, ಚೀಟಿ ಹಂಚೂದು ಗುಡಿ ಕಡಿಂದ ಚಾಲೂ ಮಾಡ್ರಿ, ಕೇರಿ ಕಡಿಂದ ಮಾಡಿದ್ರ ಸರಿ ಕಾಣೂದಿಲ್ಲ" ಅಂದರು. ಹೊಳೆ ಚಾಲೂ ಮಾಡಿದ್ದು ಕೇರಿ ಕಡೆಯಿಂದಲೇ. ಅದಕ್ಕೆ ಇವರು ಏನೂ ಅಂದಿರಲಿಲ್ಲ.

ಇನ್ನು ಸ್ವಯಂಸೇವಕರು. ಇವರು ಶನಿವಾರ ಬರುತ್ತಾರೆ, ಭಾನುವಾರ ಸಂಜೆ ಹೋಗುತ್ತಾರೆ. ರಾಡಿ ಮಾತ್ರ ಸೋಮವಾರವೂ ಇರುತ್ತದೆ. ಒಂದು ಶನಿವಾರ ಕಂಪನಿಯೊಂದರ ಎರಡು ಬಸ್ ಬಂದವು, ಎಂಬತ್ತು ಜನ, ಎಲ್ಲರಿಗೂ ಹೊಸ ಬಿಳಿ ಟೀ ಶರ್ಟು. ರಾಡಿ ಎತ್ತಲು ಬಿಳಿ ಬಟ್ಟೆ ಹಾಕಿಕೊಂಡು ಬಂದವರನ್ನು ಕಂಡಾಗಲೇ ನನಗೆ ಅಂದಿನ ಕೆಲಸದ ಅಂದಾಜು ಸಿಕ್ಕಿತು. ವಿಪತ್ತಿನ ಕೆಲಸಕ್ಕೆ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆಯಂತೆ: ಇಪ್ಪತ್ತು ಜನಕ್ಕೊಂದು ಶೌಚಾಲಯ, ತಲೆಗೆ ದಿನಕ್ಕೆ 15 ಲೀಟರ್ ನೀರು. ನಮ್ಮ ಶಾಲೆಯಲ್ಲಿ ಇದ್ದದ್ದು ಎರಡು ಶೌಚಾಲಯ, ಹೊರಗೆ ಮುನ್ನೂರು ಜನ ಸಂತ್ರಸ್ತರು. ಆ ಶನಿವಾರ ಮಧ್ಯಾಹ್ನ ಸಾಲಿನಲ್ಲಿ ಸಂತ್ರಸ್ತರು ಹಿಂದೆ, ಸೇವಕರು ಮುಂದೆ. ಎಂಬತ್ತು ಜನಕ್ಕೆ ಅಡುಗೆಯೂ ನಮ್ಮದೇ. ಮನೆ ಕಳೆದುಕೊಂಡ ಹೆಣ್ಣುಮಕ್ಕಳು ಸೇವೆಗೆ ಬಂದವರಿಗೆ ಉಪ್ಪಿಟ್ಟು ಕಲಸಿದರು. ಅತಿಥಿ ಬಂದರೆ ಹಾಗೇ ಕಳಿಸುವುದು ನಮ್ಮ ಕಡೆ ಪದ್ಧತಿಯಲ್ಲ. ಹೋಗುವಾಗ ಅವರ ಒಂದು ಬಸ್ಸು ರಾಡಿಯಲ್ಲಿ ಸಿಕ್ಕಿಬಿತ್ತು. ಎಳೆದು ತೆಗೆದದ್ದು ಕೆಳಗಿನ ಓಣಿಯ ಟ್ರ್ಯಾಕ್ಟರು, ಮನೆ ಬಿದ್ದವನದೇ. ಡೀಸೆಲ್ ಯಾರ ಲೆಕ್ಕಕ್ಕೆ ಹಾಕಬೇಕೆಂದು ಅವನು ಕೇಳಲಿಲ್ಲ, ನಾನೂ ಬರೆಯಲಿಲ್ಲ.

ಮರುವಾರ ಮನಸ್ಸಿಗೆ ಸಮಾಧಾನ ಹೇಳುವ ತಂಡ ಬಂತು. ಒಳ್ಳೆಯ ಹುಡುಗಿಯರು, ಮನಸ್ಸು ಸ್ವಚ್ಛ. ಹೆಂಗಸರನ್ನೆಲ್ಲ ವರ್ತುಲಾಕಾರವಾಗಿ ಕೂರಿಸಿ, "ಕಣ್ಣು ಮುಚ್ಚಿ, ಉಸಿರನ್ನ ನಿಧಾನವಾಗಿ ಒಳಗೆ ಎಳ್ಕೊಳ್ಳಿ" ಅಂದರು. ಆಚೆ ಗೋಡೆಯ ಬದಿಗೆ ಸತ್ತ ಎಮ್ಮೆಯನ್ನು ಇನ್ನೂ ಎತ್ತಿರಲಿಲ್ಲ. ಆಯಿ ಒಂದು ಕಣ್ಣು ತೆರೆದು, "ತಂಗೀ, ಹೊರಗ ಬಿಡೂದಿದ್ರ ಹೇಳು. ಒಳಗ ತಗೊಳ್ಳೂದು ಬ್ಯಾಡ" ಅಂದಳು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಆಪದ ಮಿತ್ರ' ಯೋಜನೆಯಲ್ಲಿ ಊರಿನ ಯುವಕರಿಗೇ ಹನ್ನೆರಡು ದಿನದ ತರಬೇತಿ ಇತ್ತು. ಹಗ್ಗ ಕಟ್ಟುವುದು, ದೋಣಿ ಹತ್ತಿಸುವುದು, ಮುಳುಗಿದವನ ಎದೆ ಒತ್ತುವುದು ಎಲ್ಲ ಅದರಲ್ಲಿ ಕಲಿಸುತ್ತಿದ್ದರು. ಸೆಲ್ಫಿಗೆ ತರಬೇತಿ ಬೇಡ, ಅದು ರಕ್ತದಲ್ಲೇ ಇರುತ್ತದೆ.

ಬಂದವರೆಲ್ಲ ಹಾಗೆ ಎಂದರೆ ನಾಲಿಗೆ ಬಿದ್ದುಹೋದೀತು. ತಾಲ್ಲೂಕಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಹುಡುಗ ಟಂಟಂ ಗಾಡಿಯಲ್ಲಿ ಝೆರಾಕ್ಸ್ ಮಶಿನ್ನು, ಜನರೇಟರು ಹಾಕಿಕೊಂಡು ಬಂದ. ಬ್ಯಾನರೂ ಇಲ್ಲ, ಬಿಸ್ಕತ್ತೂ ಇಲ್ಲ. "ಸರ, ಯಾರ್ಯಾರ ಆಧಾರ ಕಾರ್ಡ್ ತೊಯ್ದಾವು, ಕಳಸ್ರಿ" ಅಂದ. ಪರಿಹಾರದ ಅರ್ಜಿಗೆ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮನೆಯ ಉತಾರ, ಎಲ್ಲದರ ಪ್ರತಿಗಳು ಬೇಕಿದ್ದವು. ಝೆರಾಕ್ಸ್ ಅಂಗಡಿ ಇದ್ದದ್ದು ಹದಿನಾರು ಕಿಲೋಮೀಟರ್ ದೂರ, ಬಸ್ ಇರಲಿಲ್ಲ. ಅವನು ಒಂದೊಂದೇ ಕಾರ್ಡನ್ನು ಅಂಗಿಯ ತುದಿಯಿಂದ ಒರೆಸಿ, ಗಾಜಿನ ಮೇಲೆ ಮೆಲ್ಲಗೆ ಇಟ್ಟು, ಅಕ್ಷರ ಮೂಡುವವರೆಗೆ ಎರಡು ದಿನ ಒತ್ತಿದ. ಊಟಕ್ಕೆ ಕರೆದರೆ ಮನೆಯಿಂದ ಬುತ್ತಿ ತಂದಿದ್ದೇನೆ ಅಂದ. ಅವನ ಫೋಟೊ ಯಾರ ಬಳಿಯೂ ಇಲ್ಲ.

ಗದಗ ಕಡೆಯಿಂದ ಸಲಿಕೆ, ಪುಟ್ಟಿ ತಾವೇ ತಂದಿದ್ದ ಎಂಟು ಜನ ಬುಧವಾರ ಬಂದರು. ನೋಡಿ, ಬುಧವಾರ! ಆ ವಾರವೇ ಅವರು ನನಗೆ ಕೊಟ್ಟ ದೊಡ್ಡ ಕಾಣಿಕೆ. ನಾಲ್ಕು ದಿನದಲ್ಲಿ ಕೇರಿಯ ಒಂಬತ್ತು ಮನೆಗಳ ರಾಡಿ ತೆಗೆದು, ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ಬಂದಾಗ ಅವರು ಕೇಳಿದ ಮೊದಲ ಮಾತು, "ಸರ, ಎಲ್ಲಿಂದ ಚಾಲೂ ಮಾಡೂಣ?" ಹದಿನೈದು ದಿನದಲ್ಲಿ ಪ್ರಶ್ನೆಯ ರೂಪದಲ್ಲಿ ಬಂದ ಸಹಾಯ ಇವರದು, ಆ ಝೆರಾಕ್ಸ್ ಹುಡುಗನದು, ಎರಡೇ.

ಔಷಧದ ಮೂಟೆಯ ವಿಷಯ ಬೇಗ ಮುಗಿಸುತ್ತೇನೆ. ಯಾರದೋ ಸಕ್ಕರೆ ಕಾಯಿಲೆ, ಯಾರದೋ ರಕ್ತದೊತ್ತಡ, ಯಾರದೋ ತೀರಿಹೋದ ಅತ್ತೆಯ ಹೃದಯದ ಗುಳಿಗೆಗಳ ಅರ್ಧ ಸ್ಟ್ರಿಪ್ಪುಗಳು. ಬೋಸ್ನಿಯಾ ಯುದ್ಧದ ಕಾಲದಲ್ಲಿ ಹೀಗೆ ದಾನವಾಗಿ ಹೋದ ಔಷಧದಲ್ಲಿ ಸುಮಾರು 17,000 ಟನ್ ಕೆಲಸಕ್ಕೆ ಬಾರದ್ದು ಎಂಬ ಅಂದಾಜಿದೆ. ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲೇ ನಿಯಮ ಮಾಡಿತು: ದಾನದ ಔಷಧ ಮುಟ್ಟುವಾಗ ಕನಿಷ್ಠ ಒಂದು ವರ್ಷದ ಆಯುಷ್ಯ ಉಳಿದಿರಬೇಕು, ರೋಗಿ ತಿಂದು ಉಳಿಸಿದ್ದನ್ನು ಕೊಡಬಾರದು. ನಮ್ಮ ಮೂಟೆಯಲ್ಲಿ ಆಯುಷ್ಯ ಉಳಿದಿದ್ದದ್ದು ಮೂಟೆಗೆ ಮಾತ್ರ.

ಗುಳಿಗೆಗಾದರೂ ಅವಧಿ ಮುಗಿಯುತ್ತದೆ, ವಾಟ್ಸ್‌ಆ್ಯಪ್ ಸಂದೇಶಕ್ಕೆ ಅದೂ ಇಲ್ಲ. "ತುರ್ತು! 200 ಚಾದರ ಬೇಕಾಗಿದೆ" ಎಂದು ಮೊದಲ ವಾರ ನಮ್ಮ ಪಿ.ಟಿ. ಮಾಸ್ತರರು ಒಂದು ಗುಂಪಿಗೆ ಹಾಕಿದ್ದರು. ಚಾದರ ಮರುದಿನವೇ ಬಂದವು. ಸಂದೇಶ ಮಾತ್ರ ನಿಲ್ಲಲಿಲ್ಲ. ದಸರೆಗೂ ಚಾದರ ಬಂದವು, ದೀಪಾವಳಿಗೂ ಬಂದವು. ಜನ ಮನೆಗೆ ಮರಳಿ, ಶಾಲೆ ಶುರುವಾಗಿ, ಮಕ್ಕಳು ಅರ್ಧವಾರ್ಷಿಕ ಪರೀಕ್ಷೆ ಬರೆಯುತ್ತಿದ್ದಾಗ ಪಿ.ಟಿ. ಮಾಸ್ತರರ ಫೋನು ಬಡಿದುಕೊಳ್ಳುತ್ತಿತ್ತು: "ಸರ್, ದುಬೈನಿಂದ ಮಾತಾಡ್ತಿದೀನಿ, ಜನ ಇನ್ನೂ ಚಳಿಯಲ್ಲೇ ಮಲಗಿದ್ದಾರಾ?"

ಇಷ್ಟೆಲ್ಲ ಕಳಿಸುವ ಬದಲು ದುಡ್ಡು ಕಳಿಸಬಹುದಲ್ಲ ಎಂದು ಒಬ್ಬ ದಾನಿಯನ್ನು ಕೇಳಿದೆ. ಅವರು ಬೆಚ್ಚಿಬಿದ್ದರು. "ದುಡ್ಡಾ? ಕುಡಿದು ಹಾಳ್ಮಾಡ್ತಾರೆ ಸರ್." ಬೆಂಗಳೂರಿನಿಂದ ನಮ್ಮೂರಿಗೆ ಲಾರಿ ಬಾಡಿಗೆ ಎಷ್ಟು ಎಂದು ಕೇಳಿದೆ. ಹೇಳಿದರು. ಲಾರಿಯಲ್ಲಿದ್ದದ್ದು ಬ್ರೆಡ್ಡು, ದಾರಿಯಲ್ಲೇ ಬೂಸ್ಟು ಹಿಡಿದಿತ್ತು. ಆ ಬಾಡಿಗೆಯಲ್ಲಿ ನಮ್ಮ ಸಂತೆಯಲ್ಲೇ ಇಡೀ ಓಣಿಗೆ ಜೋಳ, ಬೇಳೆ, ಕಸಬರಿಗೆ, ತಾಡಪತ್ರಿ ಕೊಳ್ಳಬಹುದಿತ್ತು, ಸಂತೆಯ ವ್ಯಾಪಾರಿಯೂ ಬದುಕುತ್ತಿದ್ದ. ಅವನ ಅಂಗಡಿಗೂ ನೀರು ಹೊಕ್ಕಿತ್ತಲ್ಲ. ಆದರೆ ಡೀಸೆಲ್ ಕುಡಿದು ಹಾಳುಮಾಡುವ ಲಾರಿಯ ಮೇಲೆ ನಮಗಿರುವ ನಂಬಿಕೆ ಮನುಷ್ಯನ ಮೇಲೆ ಇಲ್ಲ.

ಈ ವಿಷಯದಲ್ಲಿ ಸರ್ಕಾರವೇ ವಾಸಿ. ವಿಪತ್ತು ಪರಿಹಾರ ನಿಧಿಯ ಆಗಿನ ಲೆಕ್ಕದಲ್ಲಿ ಒಂದು ಕುಟುಂಬದ ಬಟ್ಟೆಬರೆಗೆ 1,800 ರೂಪಾಯಿ, ಪಾತ್ರೆಪಗಡಕ್ಕೆ 2,000, ಒಟ್ಟು 3,800. ಒಂದು ಸಂಸಾರದ ಎಲ್ಲ ಬಟ್ಟೆಯ ಬೆಲೆ ಆ ಶೇರವಾನಿಯ ಅರ್ಧಕ್ಕೂ ಬರಲಿಕ್ಕಿಲ್ಲ. ಆ ವರ್ಷ ರಾಜ್ಯ ಸರ್ಕಾರ ತನ್ನದಿಷ್ಟು ಸೇರಿಸಿ ಅದನ್ನು 10,000 ಮಾಡಿ ಕೊಟ್ಟಿತು. ಹತ್ತು ಸಾವಿರ ಬಂದ ವಾರ ನಮ್ಮೂರಿನಲ್ಲಿ ಯಾರೂ ನನ್ನ ಸ್ಟೋರಿನ ಕಡೆ ಸುಳಿಯಲಿಲ್ಲ. ಆಯಿ ಆ ದುಡ್ಡಿನಲ್ಲಿ ಒಂದು ಹಂಚು, ಒಂದು ಕೊಣಮಿಗೆ, ಒಂದು ಇಳಕಲ್ ಸೀರೆ ತಂದಳು. ಏಳನೇ ತರಗತಿಯ ತುಂಬ ಬಟ್ಟೆ ಇಟ್ಟುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.

ಬಾಡಿಗೆ ಮನೆಯಲ್ಲಿದ್ದವರಿಗೆ, ಉತಾರ ಇಲ್ಲದ ಜಾಗದಲ್ಲಿ ಗುಡಿಸಲು ಹಾಕಿದವರಿಗೆ ಮನೆಯ ಪರಿಹಾರ ಸಿಗಲು ಸವೆದ ಚಪ್ಪಲಿಯ ಕಥೆ ಬೇರೆ. ಅದನ್ನು ಬರೆಯಲು ವ್ಯಂಗ್ಯ ಸಾಲದು.

ಇಷ್ಟು ಹೊತ್ತು ಊರವರನ್ನೆಲ್ಲ ಆಡಿಕೊಂಡವನು ನನ್ನದನ್ನೂ ಹೇಳಿಬಿಡುತ್ತೇನೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ, ಜೋಡುಪಾಲ, ಮಕ್ಕಂದೂರಿನ ಚಿತ್ರಗಳನ್ನು ಟೀವಿಯಲ್ಲಿ ನೋಡಿ ಕಣ್ಣೊದ್ದೆ ಮಾಡಿಕೊಂಡು, ನಮ್ಮೂರಿನಿಂದ ಒಂದು ಟೆಂಪೊ ರೊಟ್ಟಿ ಕಟ್ಟಿಸಿದವನು ನಾನೇ. ಕುಶಾಲನಗರದ ಕಡೆಯ ಒಂದು ಕೇಂದ್ರಕ್ಕೆ ರಾತ್ರಿಯಿಡೀ ಓಡಿಸಿಕೊಂಡು ಹೋದೆವು. ಅಲ್ಲಿ ದಾಸ್ತಾನು ನೋಡುತ್ತಿದ್ದದ್ದು ಒಬ್ಬ ಮೇಡಮ್, ನನ್ನ ಹಾಗೇ ಶಾಲೆಯವರು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅಕ್ಕಿ ರೊಟ್ಟಿ ತಿಂದು ಬೆಳೆದ ಆ ಜನ ನಮ್ಮ ಕಟಕ್ ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿದರು. ಹಪ್ಪಳದಂತೆ ಶಬ್ದ ಬಂತು. "ಇದನ್ನ ಹೇಗೆ ತಿನ್ನೋದು ಸರ್?" ಮೇಡಮ್ ಬಹಳ ವಿನಯದಿಂದ ಕೇಳಿದರು. ಹಿಂಡಿಯ ಡಬ್ಬಿ ನಾವು ಊರಲ್ಲೇ ಮರೆತು ಬಂದಿದ್ದೆವು. ಬ್ಯಾನರ್ ಮರೆತಿರಲಿಲ್ಲ. ಅದರಲ್ಲಿ ಎರಡನೆಯ ಸಾಲಿನಲ್ಲಿ, ಅಧ್ಯಕ್ಷರ ಹೆಸರಿನ ಕೆಳಗೆ, ನನ್ನ ಹೆಸರಿತ್ತು. ಎಲ್ಲಿ ಕಟ್ಟಬೇಕೆಂದು ನಾನೂ ಅರ್ಧ ತಾಸು ಚರ್ಚಿಸಿದ್ದೆ. ಮೇಡಮ್ ಏನೂ ಅನ್ನದೇ ನಕ್ಕು, ವಹಿಯಲ್ಲಿ ಬರೆದುಕೊಂಡು, ರೊಟ್ಟಿ ಮೂಟೆಗಳನ್ನು ಎಲ್ಲೋ ಒಳಗೆ ಇಡಿಸಿದರು. ಮಡಿಕೇರಿಯವರೆಗೂ ಹೋಗಿ ನೋಡಿಕೊಂಡು ಬನ್ನಿ ಎಂದು ನಮಗೆ ಯಾರೂ ಅನ್ನಲಿಲ್ಲ. ಆದರೂ ಹೋದೆವು. ಮಂಜು ಚೆನ್ನಾಗಿತ್ತು.

2020ರ ಜನವರಿಯಲ್ಲಿ ತಲಾಟಿ ಬಂದ. ವಹಿ ಮುಗಿಸಿ ಮೇಲೆ ಕಳಿಸಬೇಕಂತೆ. ಬಂದದ್ದು, ಹೋದದ್ದು, ಉಳಿದದ್ದು ಕೂಡಿಸಿ ಕಳೆದು ಮಧ್ಯಾಹ್ನದ ಹೊತ್ತಿಗೆ ಎಲ್ಲ ಹೊಂದಿತು. ಒಂದು ಸಾಲು ಬಿಟ್ಟು.

"ಸರ, ಶೇರವಾನಿ ಒಂದು ನಗ. ಎಲ್ಲಿ ಐತಿ, ತೋರಸ್ರಿ."

ಹೊಲಕ್ಕೆ ಕರೆದುಕೊಂಡು ಹೋದೆ. ಹೊಳೆ ಬಿಟ್ಟುಹೋದ ಹೂಳಿನಲ್ಲಿ ಆ ವರ್ಷ ಹಿಂಗಾರಿ ಜೋಳ ಆಳೆತ್ತರ ಬಂದಿತ್ತು, ತೆನೆ ಹಾಲುಗಟ್ಟಿತ್ತು. ಆಯಿ ಬದುವಿನ ಮೇಲೆ ಕೂತು ಕುಳ್ಳಿನ ಕೆಂಡದಲ್ಲಿ ಸೀತನಿ ಸುಡುತ್ತಿದ್ದಳು. ಹೊಲದ ನಡುವೆ ಬೆದರುಬೊಂಬೆ. ತಲೆಗೆ ಮಡಕೆ, ಮಡಕೆಗೆ ಸುಣ್ಣದ ಮೀಸೆ, ಮೈಗೆ ನೇರಳೆ ಶೇರವಾನಿ, ಜರಿ ಬಿಸಿಲಿಗೆ ಮಿಂಚುತ್ತಿತ್ತು. ಎಲ್ಲ ಗುಂಡಿಗಳನ್ನೂ ಹಾಕಿದ್ದಳು.

ತಲಾಟಿ ಎರಡು ಮುಷ್ಟಿ ಸೀತನಿ ತಿಂದು, ಬೆಲ್ಲ ಕೇಳಿ ತಿಂದು, ಪೆನ್ನು ತೆಗೆದ. "ಪಡೆದವರ ಸಹಿ ಬೇಕಲ್ರಿ."

"ಅವನವು ಕಟಗಿ ಕೈ ಅದಾವ್ರಿ ಯಪ್ಪಾ, ನಾನ ಒತ್ತತೀನಿ" ಎಂದು ಆಯಿ ಹೆಬ್ಬೆಟ್ಟು ಒತ್ತಿದಳು. ಬೂದಿಯ ಗುರುತು ಕಾಲಂ ದಾಟಿ ಚಾಚಿತು.

"ಒಂದ ಫೋಟೊನೂ ಬೇಕ್ರಿ ಸರ, ಅಪ್ಲೋಡ್ ಮಾಡಬೇಕು" ಎಂದು ತಲಾಟಿ ಮೊಬೈಲು ತೆಗೆದ.

ಆಯಿ ಎದ್ದಳು. ಸೆರಗು ಸರಿ ಮಾಡಿಕೊಂಡಳು, ಜೋಳ ಸರಿಸಿಕೊಂಡು ಹೋಗಿ ಬೊಂಬೆಯ ಎದುರಿಗೆ ನಿಂತಳು, ಅದರ ಕೊರಳಪಟ್ಟಿ ನೆಟ್ಟಗೆ ಮಾಡಿದಳು. ಆಮೇಲೆ ಯಾರೂ ಹೇಳದೆಯೇ ಎರಡೂ ಕೈ ಮುಂದೆ ಚಾಚಿ, ಮುಖ ತಗ್ಗಿಸಿ, ಹಾಗೇ ನಿಂತಳು.